ಕಣ್ಣಿಗೆ ಕಾಣದ ತೋಳು

ತಂಗಿ ಅರ್ಧ ಲೋಟ ಚಹಾ ಕುಡಿದಿದ್ದಳು. ಉಳಿದ ಅರ್ಧ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿತ್ತು. "ಅಕ್ಕಾ, ತಲಿ ಒಂಥರಾ ಆಗ್ಲಾಕತ್ತದ" ಎಂದಳು. ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ತುಟಿಗಳ ನಡುವೆ ಸೂಜಿ ಹಿಡಿದಿರುವಾಗ ಹೊಲಿಯುವವರು ಮಾತಾಡುವುದಿಲ್ಲ. ಅವನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿ, "ನಿದ್ದಿ ಆಗಿಲ್ಲೇನು?" ಎಂದು ಕೇಳಲು ತಿರುಗಿದೆ. ಅವಳು ಸ್ಟೂಲಿನಿಂದ ಜಾರಿ ನೆಲದ ಮೇಲಿನ ಬಟ್ಟೆ ಚೂರುಗಳಲ್ಲಿ ಬಿದ್ದಿದ್ದಳು. ಬಿದ್ದ ಸದ್ದು ಕೂಡ ನನಗೆ ಕೇಳಿಸಿರಲಿಲ್ಲ. ಚೂರುಗಳು ಅಷ್ಟು ಮೆತ್ತಗಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಹೇಳಿದರು: ಮೆದುಳಿನ ಒಳಗೆ ಒಂದು ಸಣ್ಣ ರಕ್ತನಾಳ ಒಡೆದಿದೆ, ಅದರ ಗೋಡೆ ಒಂದು ಕಡೆ ಮೊದಲಿಂದಲೂ ತೆಳ್ಳಗಿದ್ದಿರಬೇಕು. ಎಷ್ಟು ಸಣ್ಣದು ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಅವರು ಜೇಬಿನ ಪೆನ್ನು ಬಿಚ್ಚಿ ರಿಫಿಲ್ ತೋರಿಸಿದರು, ಹೆಚ್ಚುಕಡಿಮೆ ಇಷ್ಟೇ ಎಂದರು. ನನ್ನ ತಂಗಿ ಪ್ರಯೋಗಶಾಲೆಯಲ್ಲಿ ದಿನವೂ ಕೆಲಸ ಮಾಡುತ್ತಿದ್ದ, ಕಣ್ಣಿಗೆ ಕಾಣದ ಕೊಳವೆಗಳ ಮುಂದೆ ಆ ರಿಫಿಲ್ ಒಂದು ಸುರಂಗ. ಇಷ್ಟು ದೊಡ್ಡದು ಹೇಗೆ ಒಡೆಯುತ್ತದೆ ಎಂದು ನನಗೆ ಅನ್ನಿಸಿತು. ಅವಳಿಗೆ ಇಪ್ಪತ್ತೆಂಟು ವರ್ಷ.

ಅವತ್ತು ಮಧ್ಯಾಹ್ನದ ಗಾಡಿಗೆ ಅವಳು ಮುಂಬೈಗೆ ಹೋಗಬೇಕಿತ್ತು. ಅಲ್ಲಿಗೆ ಒಯ್ಯಬೇಕಾದ ಡಬ್ಬಿ ನಮ್ಮ ಕಪಾಟಿನ ಮೇಲಿನ ಅರೆಯಲ್ಲಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತಳದಲ್ಲಿ ಅಂಟಿನ ಹಾಸು. ಅದರ ಮೇಲೆ ಒಂಬತ್ತು ಕಪ್ಪು ಬಿಲ್ಲೆಗಳು, ಒಂದೊಂದೂ ಕಿರುಬೆರಳ ಉಗುರಿನಷ್ಟು. ಅವಳ ಮೂರು ವರ್ಷದ ಕೆಲಸ ಅಷ್ಟರಲ್ಲಿತ್ತು. ಹಿಂದಿನ ಸಂಜೆ ಅವಳು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು:

"ಅಕ್ಕಾ, ನಾಕನೇದ್ದು ಕೆಲಸ ಮಾಡ್ತು. ಒಂದs ಕಡಿ ಹೋಗ್ತದ ಕರೆಂಟು, ವಾಪಸ್ ಬರಂಗಿಲ್ಲ. ನಮ್ಮ ಲ್ಯಾಬಿನ ಸರ್‌ಗೆ ಹೇಳೀನಿ. ಮುಂಬೈಯಾಗ ಥಂಡಿ ಒಳಗ ಇಟ್ಟು ಇನ್ನೊಂದ್ಸಲ ನೋಡು, ಆಮ್ಯಾಲ ಲೇಖನ ಕಳಸೋಣ, ನಿನ್ನ ಹೆಸರ ಮೊದಲಿರ್ತದ ಅಂದ್ರು."

ಅವ್ವ ಒಳಗಿನಿಂದ, "ಮೊದಲ ಕೈಕಾಲ ತೊಳ್ಕೋ. ಹೆಸರ ಎಲ್ಲಿ ಓಡಿ ಹೋಗಂಗಿಲ್ಲ" ಎಂದಿದ್ದಳು.

ನಾವು ಕಲಬುರಗಿ ಕಡೆಯವರು. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ಗೌಂಡಿ ಕೆಲಸಕ್ಕೆ ಪುಣೆಗೆ ಬಂದ. ಕೋಥರೂಡಿನಲ್ಲಿ ಒಂದರ ಪಕ್ಕ ಒಂದು ಸೊಸೈಟಿ ಏಳುತ್ತಿದ್ದ ಕಾಲ. ಒಂದು ಕಟ್ಟಡ ಮುಗಿಯುವವರೆಗೆ ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದೆವು, ಅದು ಮುಗಿದರೆ ಮುಂದಿನದರ ಪಕ್ಕ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಪ್ಪ ಹೋದ ಮೇಲೆ ಒಬ್ಬ ಮರಾಠಿ ಹೆಂಗಸಿನ ಹತ್ತಿರ ಹೊಲಿಗೆ ಕಲಿತು, ಧನಕವಡಿಯಲ್ಲಿ ಎರಡು ಖೋಲಿ ಹಿಡಿದು, ಮುಂದಿನದರಲ್ಲಿ ಮಷಿನ್ ಹಾಕಿದೆ. ತಂಗಿ ಓದಿದಳು. ಅವಳನ್ನು ನಾನು ಓದಿಸಿದೆ ಎಂದು ಜನ ಹೇಳುತ್ತಾರೆ. ನಾನು ಹೊಲಿಯುತ್ತಿದ್ದೆ, ಪಕ್ಕದಲ್ಲಿ ಅವಳು ಓದುತ್ತಿದ್ದಳು, ಅಷ್ಟೇ. ಮಷಿನ್ನಿನ ಸದ್ದು ನಿಂತರೆ ಅವಳಿಗೆ ಓದು ಹತ್ತುತ್ತಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ಅವಳು ಒಂದು ದೊಡ್ಡ ಪ್ರಯೋಗಶಾಲೆಗೆ ಸೇರಿದಾಗ ಅವ್ವನಿಗೂ ನನಗೂ ಅಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಿರಲಿಲ್ಲ. ಕೊಳವೆ ಮಾಡ್ತೀವಿ, ಇಂಗಾಲದ ಕೊಳವೆ, ಎಂದಳು.

"ಇಷ್ಟೆಲ್ಲಾ ಓದಿ ನಳದ ಪೈಪ್ ಮಾಡ್ಲಾಕ ಹೋದ್ಯಾ?" ಎಂದಳು ಅವ್ವ.

"ನೀರಿಂದಲ್ಲಬೇ. ಒಂದು ಕೂದಲ ತಗೊಂಡು ಉದ್ದಕ ಐವತ್ತು ಸಾವಿರ ಸಲ ಸೀಳು. ಅದರಾಗಿನ ಒಂದು ಎಳಿ ಎಷ್ಟು ದಪ್ಪ ಇರ್ತದ, ಅಷ್ಟು ದಪ್ಪ ಈ ಕೊಳವಿ. ನಿನ್ನ ಒಲಿ ಮ್ಯಾಲಿನ ಮಸಿ ಅದ ನೋಡು, ಅದು ಯಾವ್ದರದ್ದೋ, ಇದೂ ಅದರದ್ದೇ."

"ಹಾ? ನಾ ಜನ್ಮ ಪೂರಾ ಆ ಮಸಿ ತಿಕ್ಕಿ ತೊಳದೆ. ನಿನಗ ಅದಕ್ಕ ಪಗಾರ ಕೊಡ್ತಾರ?"

ತಂಗಿ ನಕ್ಕು ನಕ್ಕು ನೆಲಕ್ಕೆ ಕೂತಳು. ಆಮೇಲೆ ನನ್ನ ಚೂರುಗಳ ಚೀಲಕ್ಕೆ ಕೈ ಹಾಕಿ ಒಂದು ತುಂಡು ನೆಟ್ ಬಟ್ಟೆ ತೆಗೆದಳು. ಚಿಕ್ಕ ಹುಡುಗಿಯರ ಫ್ರಾಕು ಉಬ್ಬಿ ನಿಲ್ಲಲು ಒಳಗೆ ಹಾಕುವ ಜಾಲರಿ. ಹತ್ತು ವರ್ಷದಿಂದ ಅದನ್ನು ಕತ್ತರಿಸುತ್ತಿದ್ದ ನಾನು ಅದರ ಕಣ್ಣುಗಳಿಗೆ ಎಷ್ಟು ಮೂಲೆ ಎಂದು ಎಣಿಸಿರಲಿಲ್ಲ. ಆರು.

"ಇಂಗಾಲ ಹಿಂಗs ಹಾಳಿ ಆಗಿ ಕೂಡ್ತದ ಅಕ್ಕಾ. ಈ ಹಾಳಿ ಸುತ್ತಿದ್ರ ಕೊಳವಿ." ಅವಳು ಅದನ್ನು ಪೆನ್ಸಿಲಿನ ಮೇಲೆ ನೆಟ್ಟಗೆ ಸುತ್ತಿದಳು. "ಹಿಂಗ ಸುತ್ತಿದ್ರ ತಾಮ್ರದ ತಂತಿ ಇದ್ದಂಗ. ಕರೆಂಟ್ ಸರಳ ಹೋಗ್ತದ." ಬಿಚ್ಚಿ ಸ್ವಲ್ಪ ಓರೆಯಾಗಿ ಸುತ್ತಿದಳು. "ಹಿಂಗ ಸುತ್ತಿದ್ರ ತಾನಾಗಿ ಹೋಗಂಗಿಲ್ಲ. ಹೊರಗಿಂದ ಸ್ವಲ್ಪ ನೂಕಬೇಕು, ಆವಾಗ ಹೋಗ್ತದ. ಎಲ್ಲಾ ಓರೆನೂ ಹಂಗಲ್ಲ, ಅದಕ್ಕೊಂದು ಲೆಕ್ಕ ಅದ. ಬಟ್ಟಿ ಅದೇ, ಎಳಿ ಅದೇ."

"ಸುತ್ತಿದ್ದರಾಗ ಫರಕು" ಎಂದೆ ನಾನು. "ಅದರಾಗೇನು? ತೋಳು ನೇರ ಕತ್ತರಿಸಿದ್ರ ಜಗ್ಗಂಗಿಲ್ಲ. ಅದೇ ಬಟ್ಟಿ ಓರೆ ಇಟ್ಟು ಉರೇಬ್ ಕತ್ತರಿಸಿದ್ರ ರಬ್ಬರ್ ಇದ್ದಂಗ ಜಗ್ತದ. ಬಟ್ಟಿ ಬದಲಾಗ್ತದೇನು?"

ತಂಗಿ ನನ್ನನ್ನೇ ನೋಡುತ್ತ ಕೂತಳು. "ನನಗ ಇದು ತಿಳಿಲಾಕ ಮೂರು ದಿನ ಹಿಡೀತು" ಎಂದಳು. ಆ ದಿನದಿಂದ ನಮ್ಮ ಮನೆಯಲ್ಲಿ ಅವಕ್ಕೆ ತೋಳು ಎಂದೇ ಹೆಸರು. ಇವತ್ತು ಎಷ್ಟು ತೋಳು ಹೊಲಿದಿ ಎಂದು ನಾನು ಕೇಳುತ್ತಿದ್ದೆ. ಲಕ್ಷ ಹೊಲಿದೆ, ಒಂದೂ ಸಿಗಲಿಲ್ಲ ಎನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದು ಮೊಣಕೈ ಇರುವ ತೋಳು. ಒಂದೇ ಕೊಳವೆ, ಅರ್ಧ ನೇರ ಸುತ್ತಿದ್ದು, ಅರ್ಧ ಓರೆ ಸುತ್ತಿದ್ದು. ಎರಡೂ ಕೂಡುವ ಕಡೆ ಅದು ಬಾಗುತ್ತದೆ. ಅಂಥದ್ದರಲ್ಲಿ ಕರೆಂಟು ಒಂದೇ ದಿಕ್ಕಿಗೆ ಹೋಗಬೇಕು. ಬೇರೆ ದೇಶಗಳಲ್ಲಿ ನೋಡಿದ್ದಾರೆ, ನಮ್ಮಲ್ಲಿ ತಾನೇ ಬೆಳೆಸಿದ ಕೊಳವೆಯಲ್ಲಿ ನೋಡಬೇಕು ಎನ್ನುವುದು ಅವಳ ಹಟ. ಆ ಒಂಬತ್ತು ಬಿಲ್ಲೆಗಳ ಮೇಲೆ ಇದ್ದದ್ದು ಅಂಥ ಒಂದೊಂದು ಕೊಳವೆ. ಆರು ಮೂಲೆಯ ಜಾಲರಿ ಸುಕ್ಕಿಲ್ಲದೆ ಹೇಗೆ ಬಾಗುತ್ತದೆ ಎಂದು ಒಂದು ಭಾನುವಾರ ನನ್ನನ್ನು ಕೇಳಿದಳು. ನಾನು ಹೇಳಲಿಲ್ಲ, ನೆಟ್ ತೆಗೆದುಕೊಂಡು ಹೊಲಿದೆ. ಒಳಮಗ್ಗುಲಿಗೂ ಹೊರಮಗ್ಗುಲಿಗೂ ಒಂದೇ ಅಳತೆ ಇಟ್ಟರೆ ಮೊಣಕೈ ಕೂಡುವುದಿಲ್ಲ. ಒಂದು ಕಡೆ ಸಣ್ಣ ತ್ರಿಕೋನ ತೆಗೆದು ಕೂಡಿಸಬೇಕು, ಎದುರು ಕಡೆ ಸಣ್ಣ ತ್ರಿಕೋನ ಸೇರಿಸಬೇಕು. ಅವಳು ನನ್ನ ಹೊಲಿಗೆಯ ಹತ್ತಿರ ಕಣ್ಣಿಟ್ಟು ಮೂಲೆ ಎಣಿಸಿದಳು. ತೆಗೆದ ಕಡೆ ಒಂದು ಕಣ್ಣು ಐದು ಮೂಲೆಯದಾಗಿತ್ತು, ಸೇರಿಸಿದ ಕಡೆ ಒಂದು ಏಳು ಮೂಲೆಯದು.

"ಅಕ್ಕಾ!" ಎಂದು ಕೂಗಿದಳು. ಪಕ್ಕದ ಖೋಲಿಯವರು ಏನಾಯಿತೆಂದು ಓಡಿ ಬಂದರು. ಪುಸ್ತಕದಲ್ಲೂ ಹಾಗೇ ಇದೆಯಂತೆ, ಒಂದು ಐದರದು, ಎದುರಿಗೆ ಒಂದು ಏಳರದು. ಆ ನೆಟ್ಟಿನ ತೋಳನ್ನು ಪ್ರಯೋಗಶಾಲೆಗೆ ಒಯ್ದಳು. ನಾನು ಮರೆತೆ.

ಆ ಕೆಲಸದಲ್ಲಿ ಅವಳಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಹತ್ತಿ ಬಟ್ಟೆ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಒಂದು ದೀಪಾವಳಿಗೆ ನಾನು ಹೊಳೆಯುವ ಪಾಲಿಸ್ಟರಿನಲ್ಲಿ ಕುರ್ತಾ ಹೊಲಿದು, ಕುತ್ತಿಗೆಗೆ ಮಣಿ ಕೂಡಿಸಿ ಕೊಟ್ಟೆ. ಮನೆಯಲ್ಲಿ ಒಮ್ಮೆ ಹಾಕಿ ತೆಗೆದಿಟ್ಟಳು. "ಲ್ಯಾಬಿಗೆ ಇದು ಒಲ್ಲೆ ಅಕ್ಕಾ, ನೈಲಾನು ಪಾಲಿಸ್ಟರು ಅಲ್ಲಿ ನಡೆಯಂಗಿಲ್ಲ" ಎಂದಳು. ದೊಡ್ಡವರ ನಡುವೆ ಅದು ಅಗ್ಗದ್ದು ಎಂದು ಕಾಣುತ್ತದೇನೋ ಎಂದುಕೊಂಡು ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಇನ್ನೊಂದು, ನಳ ಮುಟ್ಟುವುದು. ಬಿಲ್ಲೆಗಳ ಡಬ್ಬಿ ಮುಟ್ಟುವ ಮೊದಲು ಅವಳು ಪಾತ್ರೆ ತೊಳೆಯುವ ಮೋರಿಯ ಕಬ್ಬಿಣದ ನಳದ ಮೇಲೆ ಕೈಯಿಡುತ್ತಿದ್ದಳು. ಅವ್ವ ಅದನ್ನು ನೋಡಿ, "ಮಡಿ ಬಂದದ ನೋಡು ನಮ್ಮವ್ವಗ" ಎಂದು ಚಾಷ್ಟಿ ಮಾಡುತ್ತಿದ್ದಳು. "ಹೌದಬೇ, ಇದು ನಮ್ಮ ಲ್ಯಾಬಿನ ಮಡಿ" ಎಂದು ಅವಳೂ ನಗುತ್ತಿದ್ದಳು. ನಾನು ಅದನ್ನು ಹಾಗೆಯೇ ತಿಳಿದುಕೊಂಡೆ. ಕೈ ಸ್ವಚ್ಛ ಇರಬೇಕು, ಬೆರಳು ತಾಗಿಸಬಾರದು. ಕೈ ತೊಳೆಯದೆ ಬರೀ ನಳ ಯಾಕೆ ಮುಟ್ಟುತ್ತಾಳೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅವಳು ಹೋದ ಹನ್ನೊಂದನೆಯ ದಿನ ಮನೆ ತೊಳೆದೆವು. ಹೋದವರ ಸಾಮಾನು ಒಂದೊಂದಾಗಿ ಹೊರಗೆ ತೆಗೆದು, ಒರೆಸಿ, ಯಾರದು ಯಾರಿಗೆ ಎಂದು ಇಡುವುದು ನಮ್ಮಲ್ಲಿ ರೂಢಿ. ಅವಳ ಜೊತೆ ಕೆಲಸ ಮಾಡುತ್ತಿದ್ದ ಮೈಸೂರು ಕಡೆಯ ಹುಡುಗಿ ಫೋನ್ ಮಾಡಿದಳು. "ಅಕ್ಕ, ನಾಳೆ ಬೆಳಿಗ್ಗೆ ಬಂದು ಆ ಬಾಕ್ಸ್ ತಗೊಂಡ್ ಹೋಗ್ಲಾ? ಮುಂಬೈಗೆ ನಾನೇ ಹೋಗ್ತೀನಿ. ಅವಳು ಮಾಡ್ಬೇಕಾಗಿದ್ದು ನಾನು ಮಾಡ್ತೀನಿ" ಎಂದಳು. ಆ ಹುಡುಗಿಯ ಮೇಲೆ ನನಗೆ ಬಹಳ ಪ್ರೀತಿ ಬಂತು. ಬಾ ಎಂದೆ.

ಡಬ್ಬಿ ಕೆಳಗಿಳಿಸಿ ತೆರೆದೆ. ಕಪಾಟಿನಲ್ಲಿ ಹನ್ನೊಂದು ದಿನ, ಪಕ್ಕದಲ್ಲಿ ಮಷಿನ್ನು. ಅದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬಿಲ್ಲೆಗಳ ಮೇಲೆ ಬಟ್ಟೆಯ ಸಣ್ಣ ಜುಂಗು ಬಿದ್ದಿತ್ತು. ಒಂದರ ಮೇಲೆ ಕೆಂಪು ದಾರದ ಒಂದು ಎಳೆ. ಅದು ನನ್ನ ಅಂಗಡಿಯದು.

ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಬೇರೆಯವರ ವಸ್ತುವನ್ನು ಜುಂಗು ಹತ್ತಿದಂತೆ ವಾಪಸ್ ಕೊಡುವುದಿಲ್ಲ. ಎಷ್ಟೇ ಅವಸರವಿರಲಿ, ಕಡೆಗೊಮ್ಮೆ ದಾರ ಕಿತ್ತು, ಜಾಡಿಸಿ, ಮಡಿಸಿ ಕೊಡಬೇಕು. ನನಗೆ ಕಲಿಸಿದ ಆ ಮರಾಠಿ ಹೆಂಗಸು ಇದನ್ನು ಹೊಲಿಗೆಗಿಂತ ಮೊದಲು ಕಲಿಸಿದ್ದಳು. ಕೈಯಿಂದ ತೆಗೆಯಲಾಗದ ನಯವಾದ ಬಟ್ಟೆಗೆ ಒಂದು ಉಪಾಯವನ್ನೂ ಕಲಿಸಿದ್ದಳು. ಪ್ಲಾಸ್ಟಿಕ್ ಸ್ಕೇಲನ್ನು ನೈಲಾನಿಗೆ ಚೆನ್ನಾಗಿ ತಿಕ್ಕಬೇಕು. ತಿಕ್ಕಿ ಹತ್ತಿರ ಹಿಡಿದರೆ ಜುಂಗೆಲ್ಲ ತಾನಾಗಿ ಹಾರಿ ಸ್ಕೇಲಿಗೆ ಹತ್ತುತ್ತದೆ. ಬಟ್ಟೆ ಮುಟ್ಟುವ ಕೆಲಸವೇ ಇಲ್ಲ.

ನಾನು ಮೊದಲು ಮೋರಿಗೆ ಹೋಗಿ ನಳ ಮುಟ್ಟಿದೆ. ಅವಳು ಮಾಡುತ್ತಿದ್ದ ಹಾಗೆಯೇ. ಕೈಯನ್ನೂ ತೊಳೆದು ಒರೆಸಿದೆ. ಆಮೇಲೆ ಕೂತು, ಸ್ಕೇಲನ್ನು ನನ್ನ ನೈಲಾನ್ ಸೀರೆಯ ತೊಡೆಯ ಮೇಲೆ ಜೋರಾಗಿ ತಿಕ್ಕಿ, ಒಂದೊಂದೇ ಬಿಲ್ಲೆಯ ಮೇಲೆ ಹಿಡಿದೆ. ಜನವರಿ ತಿಂಗಳು, ಪುಣೆಯ ಒಣ ಚಳಿ. ಜುಂಗು ಟಕ್ಕನೆ ಹಾರಿ ಬಂತು. ಕೆಂಪು ಎಳೆಯೂ ಬಂತು. ಎರಡು ಮೂರು ಸಲ ಚಟ್ ಎಂದು ಸಣ್ಣ ಸದ್ದಾಯಿತು. ಚಳಿಗಾಲದಲ್ಲಿ ನನ್ನ ಮೇಜಿನ ಮೇಲೆ ದಿನಕ್ಕೆ ಹತ್ತು ಸಲ ಆಗುವ ಸದ್ದು ಅದು. ಒಂದನ್ನೂ ಬೆರಳಿಂದ ಮುಟ್ಟಲಿಲ್ಲ. ಒಂಬತ್ತೂ ಹೊಳೆಯುತ್ತಿದ್ದವು. ಆ ಹನ್ನೊಂದು ದಿನಗಳಲ್ಲಿ ಅವಳಿಗಾಗಿ ನಾನು ಸರಿಯಾಗಿ ಮಾಡಿದ ಒಂದು ಕೆಲಸ ಇದು ಎಂದುಕೊಂಡೆ.

ಎರಡು ವಾರದ ಮೇಲೆ ಮೈಸೂರಿನ ಹುಡುಗಿ ಮನೆಗೆ ಬಂದಳು. ಅವ್ವ ಒಳಗೆ ಮಲಗಿದ್ದಳು. ಹುಡುಗಿ ತಂಗಿ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು. ಅವಳಿಗೆ ಅದು ಗೊತ್ತಿರಲಿಲ್ಲ. ಚಹಾ ಬೇಡ ಎಂದಳು.

"ಅಕ್ಕ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಒಂಬತ್ತೂ ಸತ್ತೋಗಿವೆ. ಒಂದ್ರಲ್ಲೂ ಕರೆಂಟ್ ಹೋಗ್ತಿಲ್ಲ. ಮುಂಬೈನಲ್ಲೂ ನೋಡ್ದೆ, ವಾಪಸ್ ಬಂದು ಇಲ್ಲೂ ನೋಡ್ದೆ."

"ಸತ್ತಾವಂದ್ರ?"

"ಸರ್ ಏನಂತಾರೆ ಅಂದ್ರೆ, ಒಂದೆರಡು ಹೋದ್ರೆ ಸರಿ, ಒಂಬತ್ತೂ ಹೇಗೆ ಹೋಗುತ್ತೆ ಅಂತ. ಮೊದಲಿಂದ್ಲೂ ಅವು ಕೆಲಸ ಮಾಡ್ತಾನೇ ಇರ್ಲಿಲ್ವೇನೋ. ಆ ಸಂಜೆ ಅವಳು ನೋಡಿದ್ದು ಮೆಷಿನ್‌ದೇ ಏನೋ ಗಲಾಟೆ ಇರ್ಬೇಕು, ಖುಷೀಲಿ ಅವಸರ ಮಾಡಿದ್ಲು ಅಂತ. ಪೇಪರ್ ಕಳಿಸೋದು ಬೇಡ ಅಂದ್ಬಿಟ್ರು." ಅವಳ ಕಣ್ಣು ತುಂಬಿತು. "ಅವಳು ಅವಸರದವಳಲ್ಲ ಅಕ್ಕ. ನಿಮಗೂ ಗೊತ್ತು. ಇಲ್ಲಾಂದ್ರೆ ಪ್ಯಾಕ್ ಮಾಡುವಾಗ ಮೈಯಲ್ಲಿರೋ ಕರೆಂಟ್ ನೆಲಕ್ಕಿಳಿಸೋ ಅರ್ಥಿಂಗ್ ಪಟ್ಟಿ ಕೈಗೆ ಕಟ್ಕೊಳ್ಳೋದು ಮರೆತ್ಲೇನೋ. ಪಟ್ಟಿ ಇಲ್ಲದ ಕಡೆ ಕಬ್ಬಿಣದ ನಲ್ಲಿನಾದ್ರೂ ಮುಟ್ತೀವಿ. ಅವು ಅಷ್ಟು ನಾಜೂಕು. ನೈಲಾನ್ ಹಾಕ್ಕೊಂಡು ಹತ್ರ ಹೋದ್ರೆ ಸಾಕು. ತಲೆ ಬಾಚಿದ ಬಾಚಣಿಗೆ ಹತ್ರ ಹಿಡಿದ್ರೂ ಸಾಕು, ಮುಟ್ಟೋದೇ ಬೇಡ. ಚಟ್ ಅಂತ ಒಂದು ಕಿಡಿ, ಸುಟ್ಟೋಗುತ್ತೆ."

ಸ್ಕೇಲು ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಇತ್ತು. ಅದರ ತುದಿಗೆ ಜುಂಗು ಹತ್ತಿತ್ತು.

ಆ ಹುಡುಗಿ ಇನ್ನೂ ಏನೇನೋ ಹೇಳಿದಳು. ನನ್ನ ಕಿವಿಗೆ ನೀರು ಹೊಕ್ಕಂತಾಗಿತ್ತು. ಅವಳು ಎದ್ದು ಹೋದಳು, ನಾನು ಬಾಗಿಲವರೆಗೆ ಹೋಗಿದ್ದೆನೋ ಇಲ್ಲವೋ ಈಗಲೂ ನೆನಪಿಲ್ಲ. ತಂಗಿ ಬಿದ್ದ ದಿನ ಕೂಡ ನನಗೆ ಹೀಗಾಗಿರಲಿಲ್ಲ. ಅವತ್ತು ಓಡಾಡುವುದಿತ್ತು, ರಿಕ್ಷಾ ಹಿಡಿಯುವುದಿತ್ತು. ಈಗ ಮಾಡಲು ಏನೂ ಇರಲಿಲ್ಲ. ಒಂಬತ್ತು ಸಲ ತಿಕ್ಕಿದ್ದೆ. ಮಾಡಿ ಮುಗಿಸಿದ್ದೆ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮಷಿನ್ನಿನ ಮುಂದೆ ಕೂರುತ್ತಿದ್ದೆ, ಪೆಡಲ್ ತುಳಿಯುತ್ತಿದ್ದೆ, ದಾರ ಹಾಕಿರುತ್ತಿರಲಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಏನೂ ಆಗುವುದಿಲ್ಲ. ನನ್ನನ್ನು ಯಾರೂ ಕೇಳುವುದಿಲ್ಲ. ಅವಳು ಅವಸರ ಮಾಡಿದಳು, ಇಲ್ಲದ್ದನ್ನು ಕಂಡಳು ಎಂದು ಉಳಿಯುತ್ತದೆ. ಅವಳಂತೂ ಬಂದು ಇಲ್ಲ ಎನ್ನುವುದಿಲ್ಲ.

ಐದನೆಯ ದಿನ ಅವ್ವ ಕೇಳಿದಳು. "ಆ ಪೋರಿ ಏನಂದಳು? ನಮ್ಮವಳ ಹೆಸರು ಯಾವಾಗ ಬರ್ತದಂತ?"

ನಾನು ಹೇಳಿಬಿಟ್ಟೆ. ಸ್ಕೇಲು, ಸೀರೆ, ಎಲ್ಲಾ. ಬೈಯಬಹುದು, ಅಳಬಹುದು ಎಂದುಕೊಂಡಿದ್ದೆ.

"ಹೋಗು" ಎಂದಳು. "ಹೋಗಿ ಹೇಳು. ಆ ಸ್ಕೇಲೂ ತಗೊಂಡು ಹೋಗು. ಇಲ್ಲಂದ್ರ ನಂಬಂಗಿಲ್ಲ ಅವರು."

ಎರಡು ಬಸ್ ಬದಲಿಸಿ ಹೋದೆ. ಅವತ್ತು ಉಟ್ಟಿದ್ದ ನೈಲಾನ್ ಸೀರೆಯನ್ನೇ ಉಟ್ಟಿದ್ದೆ. ಸ್ಕೇಲನ್ನು ಪತ್ರಿಕೆಯಲ್ಲಿ ಸುತ್ತಿದ್ದೆ. ಗೇಟಿನಲ್ಲಿ ಹೆಸರು ಬರೆಸಿ, ಮೈಸೂರಿನ ಹುಡುಗಿಯನ್ನು ಕರೆಸಿ, ಅವಳ ಹಿಂದೆ ಉದ್ದದ ಓಣಿಯಂಥ ಪಡಸಾಲೆ ದಾಟಿ ಒಳಗೆ ಹೋದೆ. ತಂಗಿಯ ಮೇಜು ಅವಳು ಬಿಟ್ಟಂತೆಯೇ ಇತ್ತು. ಅದರ ಮೇಲಿನ ದೀಪದ ಕಂಬಿಗೆ ನನ್ನ ನೆಟ್ಟಿನ ತೋಳು ಜೋತು ಬಿದ್ದಿತ್ತು. ಅದರ ಮೊಣಕೈಯ ಐದು ಮೂಲೆಯ ಕಣ್ಣಿಗೆ ಕೆಂಪು ಮಸಿ, ಏಳು ಮೂಲೆಯದಕ್ಕೆ ನೀಲಿ.

"ನಾವೆಲ್ಲ ಅದನ್ನ ಅಕ್ಕನ ತೋಳು ಅಂತೀವಿ" ಎಂದಳು ಹುಡುಗಿ. "ಹೊಸಬರಿಗೆ ಇದನ್ನ ತೋರಿಸೇ ಪಾಠ ಮಾಡ್ತಾರೆ ಸರ್."

ನಾನು ಅದರ ಹೊಲಿಗೆಯನ್ನು ಬೆರಳಿಂದ ತಡವಿದೆ.

ಸರ್ ವಯಸ್ಸಾದವರು, ಮರಾಠಿಯವರು. "ಬಸಾ ತಾಈ" ಎಂದು ಕುರ್ಚಿ ಕೊಟ್ಟರು. ಅಕ್ಕ ಎಂದು ಅವರೂ ಕರೆದದ್ದು ನನಗೆ ಇನ್ನಷ್ಟು ಕಷ್ಟವಾಯಿತು. ಕೂರಲಿಲ್ಲ. ನಿಂತೇ, ಮರಾಠಿಯಲ್ಲಿ, ಪತ್ರಿಕೆ ಬಿಚ್ಚಿ ಸ್ಕೇಲನ್ನು ಅವರ ಮೇಜಿನ ಮೇಲಿಟ್ಟು ಹೇಳಿದೆ. ನನ್ನ ತಂಗಿ ಕೈಗೆ ಪಟ್ಟಿ ಕಟ್ಟುವುದು ಮರೆಯಲಿಲ್ಲ, ಅವಸರ ಮಾಡಲಿಲ್ಲ. ಅವಳು ಹೋದ ಹನ್ನೊಂದನೆಯ ದಿನ ನಾನು ಇದನ್ನು ತಿಕ್ಕಿ ಹಿಡಿದೆ. ಒಂಬತ್ತಕ್ಕೂ ಹಿಡಿದೆ.

ಸರ್ ಸ್ಕೇಲನ್ನು ನೋಡಿದರು, ನನ್ನ ಸೀರೆಯನ್ನು ನೋಡಿದರು. ಕಡೆಗೆ, "ತಾಈ, ನೀವು ದುಃಖದಲ್ಲಿದ್ದೀರಿ. ತಂಗಿಯ ಮಾತು ಉಳಿಯಲಿ ಎಂದು ಹೇಳುತ್ತಿದ್ದೀರಿ ಎಂದು ನಾನು ತಿಳಿಯಬಹುದು" ಎಂದರು.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಸುಳ್ಳು ಎನ್ನಬಹುದೆಂದು ಹೊಳೆದಿರಲಿಲ್ಲ.

"ಹಂಗಿದ್ರ ಮಾಡಿ ನೋಡ್ರಿ" ಎಂದೆ. ಮರಾಠಿ ಮರೆತು ಕನ್ನಡದಲ್ಲೇ ಬಂದಿತ್ತು. ಹುಡುಗಿ ಅದನ್ನು ಅವರಿಗೆ ಹೇಳಿದಳು. ಆಮೇಲೆ, "ಸರ್, ನಂದೊಂದು ಇದೆ. ನಿನ್ನೆ ತಾನೇ ನೋಡಿದ್ದು, ಚೆನ್ನಾಗಿದೆ. ಅದನ್ನೇ ತಗೊಳ್ಳೋಣ" ಎಂದಳು. ಮುಂದೆ ಕೇಳಿದೆ, ಆ ಒಂದು ಬಿಲ್ಲೆಗೆ ಅವಳಿಗೆ ನಾಲ್ಕು ತಿಂಗಳು ಹಿಡಿದಿತ್ತಂತೆ.

ಅದನ್ನು ಯಂತ್ರದ ಕೆಳಗೆ ಇಟ್ಟರು. ಎರಡು ಸಣ್ಣ ಸೂಜಿಗಳು ಇಳಿದು ಅದರ ಚಿನ್ನದ ಚುಕ್ಕೆಗಳ ಮೇಲೆ ಕೂತವು. ಪರದೆಯ ಮೇಲೆ ಒಂದು ಗೆರೆ ಮೂಲೆಯಿಂದ ಮೂಲೆಗೆ ಏರುತ್ತ ಹೋಯಿತು. "ಇದು ಜೀವಂತ ಇದೆ ಅಂತ ಅರ್ಥ" ಎಂದಳು ಹುಡುಗಿ. ಬಿಲ್ಲೆಯನ್ನು ತೆಗೆದು ಅಂಟಿನ ಡಬ್ಬಿಯಲ್ಲಿಟ್ಟು ನನ್ನ ಮುಂದೆ ಇಟ್ಟರು. ಸರ್ ಕೈಕಟ್ಟಿ ನಿಂತರು. "ಮನೆಯಲ್ಲಿ ಹೇಗೆ ಮಾಡಿದಿರೋ ಹಾಗೆಯೇ. ಹೆಚ್ಚಿಲ್ಲ, ಕಡಿಮೆಯಿಲ್ಲ."

ನಾನು ಮೊದಲು ನಳ ಎಲ್ಲಿದೆ ಎಂದು ಕೇಳಿದೆ. ಸರ್ ಯಾಕೆ ಎಂದರು. ತಂಗಿ ಮುಟ್ಟುತ್ತಿದ್ದಳು, ಮನೆಯಲ್ಲಿ ನಾನೂ ಮುಟ್ಟಿದ್ದೆ ಎಂದೆ. ಅವರ ಮುಖ ಆಗ ಬದಲಾಯಿತು. ನಳ ಮುಟ್ಟಿ ಬಂದೆ. ಕೂತೆ. ತೊಡೆಯ ಮೇಲೆ ಸ್ಕೇಲು ತಿಕ್ಕಿದೆ. ಕಸುಬಿನ ಕೈ. ಬಿಲ್ಲೆಯ ಮೇಲೆ ಹಿಡಿದೆ. ಚಟ್ ಎಂದಿತು.

ಮತ್ತೆ ಸೂಜಿಗಳು ಇಳಿದವು. ಗೆರೆ ಏರಲಿಲ್ಲ. ತಳದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಲಗಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಗೊತ್ತಿದ್ದೂ ಕಂಗೆಟ್ಟೆ. ನಾಲ್ಕು ತಿಂಗಳ ಕೆಲಸಕ್ಕೆ ಇಷ್ಟೇ ಸಾಕು ಎಂದು ಈಗ ಕಣ್ಣಾರೆ ಕಂಡಿದ್ದೆ. ಮನೆಯಲ್ಲಿ ಒಂಬತ್ತು ಸಲ, ಹಾಡು ಗುನುಗುವವಳ ಹಾಗೆ, ಮಾಡಿದ್ದೆ.

ಸರ್ ತಂಗಿಯ ನಾಲ್ಕನೆಯ ಬಿಲ್ಲೆ ತರಿಸಿದರು. ಸೂಜಿಯಿಂದ ತಡವಿ ತಡವಿ ಚಿತ್ರ ಬರೆಯುವ ಇನ್ನೊಂದು ಯಂತ್ರ ಅಲ್ಲಿದೆ. ಕುರುಡರು ಬೆರಳಿಂದ ಓದುವ ಹಾಗೆ. ಆ ಚಿತ್ರ ಮೂಡಲು ಬಹಳ ಸಮಯ ಹಿಡಿಯಿತು. ನಾನು ತಂಗಿಯ ಕುರ್ಚಿಯಲ್ಲಿ ಕೂತಿದ್ದೆ. ಯಾರೋ ಚಹಾ ತಂದರು. ಕುಡಿಯಲಾಗಲಿಲ್ಲ.

ಕಡೆಗೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದು ತಂಗಿ ಮೊದಲೇ ತೆಗೆದಿಟ್ಟದ್ದು, ಒಂದು ಈಗಿನದು. ಹಳೆಯದರಲ್ಲಿ ಎರಡು ದಡಗಳ ನಡುವೆ ಒಂದು ಬಿಳಿ ಎಳೆ, ನಡುವೆ ಬಾಗಿದೆ. ಅವಳ ಮೊಣಕೈ. ನಾನು ಅದನ್ನು ಕಂಡದ್ದು ಅದೇ ಮೊದಲು. ಹೊಸದರಲ್ಲಿ ಅದೇ ಎಳೆ, ಅದೇ ಬಾಗು, ಬಾಗಿನ ಮಗ್ಗುಲಲ್ಲಿ ಒಂದು ಖಾಲಿ ಜಾಗ. ಕತ್ತರಿಯಿಂದ ಕತ್ತರಿಸಿದಂತೆ ಇರಲಿಲ್ಲ. ನೈಲಾನ್ ದಾರವನ್ನು ಕಡ್ಡಿ ಗೀರಿ ಸುಟ್ಟಾಗ ತುದಿ ಹೇಗೆ ಹಿಂದೆ ಸರಿಯುತ್ತದೋ ಹಾಗೆ.

"ಎಳೆ ಎರಡೂ ದಡಕ್ಕೆ ಕೂಡಿರದಿದ್ದರೆ ಸುಡುತ್ತಿರಲಿಲ್ಲ" ಎಂದರು ಸರ್, ನನಗಲ್ಲ, ತಮಗೇ. "ಇದು ಕೆಲಸ ಮಾಡುತ್ತಿತ್ತು. ಹುಡುಗಿ ನೋಡಿದ್ದು ನಿಜ." ಕನ್ನಡಕ ತೆಗೆದು ಒರೆಸಿದರು. "ನಾನು ಅವಳ ಮಾತು ನಂಬಬೇಕಿತ್ತು."

"ಲೇಖನ ಕಳಸ್ತೀರೇನ್ರಿ?" ಎಂದೆ.

ಹೂಂ ಎಂದರು. ಮುಂಬೈಯ ಥಂಡಿಯ ಅಳತೆ ಇಲ್ಲದೆ ಅದು ಅರ್ಧ ಲೇಖನ, ಚಿಕ್ಕದಾಗಿ ಬರುತ್ತದೆ, ದೊಡ್ಡ ಪತ್ರಿಕೆ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದರು. ಆ ಅರ್ಧ ಕಳೆದದ್ದು ನನ್ನಿಂದ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಹೊರಡುವಾಗ ಹುಡುಗಿ ಗೇಟಿನವರೆಗೆ ಬಂದಳು. ಅವಳ ಬಿಲ್ಲೆಯ ಬಗ್ಗೆ ನಾನು ಏನೋ ಹೇಳಲು ಹೋದೆ. "ಬಿಡಿ ಅಕ್ಕ, ಬೆಳೆಸ್ತೀನಿ ಇನ್ನೊಂದು" ಎಂದಳು. ಆಮೇಲೆ, "ನಂಗೂ ಒಂದು ಕಾಟನ್ ಕುರ್ತಾ ಹೊಲ್ಕೊಡಿ. ಅವಳು ಯಾವಾಗ್ಲೂ ಜಂಭ ಕೊಚ್ಕೋತಿದ್ಲು" ಎಂದಳು. ಅವಳ ಅಳತೆಯನ್ನು ರಸ್ತೆಯಲ್ಲೇ, ಕೈಯ ಗೇಣಿನಲ್ಲಿ ತೆಗೆದುಕೊಂಡೆ. ಭುಜ ತಂಗಿಯದಕ್ಕಿಂತ ಅರ್ಧ ಇಂಚು ಅಗಲ.

ಲೇಖನ ಅಚ್ಚಾಗಿ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಹುಡುಗಿಯೇ ಒಂದು ಪ್ರತಿ ತಂದುಕೊಟ್ಟಳು. ನಾಲ್ಕು ಹಾಳೆ, ಇಂಗ್ಲಿಷು. ಮೊದಲ ಹೆಸರು ತಂಗಿಯದು, ಅದರ ತಲೆಯ ಮೇಲೆ ಒಂದು ಸಣ್ಣ ಗುರುತು. ಕೆಳಗೆ ಅದೇ ಗುರುತಿನ ಮುಂದೆ, ಈಗ ಇಲ್ಲ ಎಂದು ಬರೆದಿದೆಯಂತೆ. ಅವ್ವ ಬೆರಳಿಟ್ಟು ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಓದಲು ಬಾರದ ಆ ಅಕ್ಷರಗಳನ್ನು ಸೀರೆಯ ಸೆರಗಿನಿಂದ ಒರೆಸಿದಳು.

"ಮೂರನೇ ಪುಟದಲ್ಲಿ ಒಂದು ಸಾಲು ಇದೆ ಅಕ್ಕ" ಎಂದಳು ಹುಡುಗಿ. "ನೀವು ಕೇಳ್ತೀರಿ ಅಂತ ಸರ್ ಹೇಳಿದ್ರು." ಅವಳು ಕನ್ನಡದಲ್ಲಿ ಓದಿದಳು: "ಈ ಅಳತೆಗಳ ನಂತರ, ಪ್ರಯೋಗಶಾಲೆಯ ಹೊರಗೆ ಇಟ್ಟಿದ್ದಾಗ, ಮಾದರಿಗಳು ಸ್ಥಿರವಿದ್ಯುತ್ತಿನಿಂದ ಹಾಳಾದವು."

"ಯಾರಿಂದ ಅಂತ ಬರದಿಲ್ಲೇನು?"

"ಇಲ್ಲ. ಹಾಗೆಲ್ಲ ಬರೆಯೋದಿಲ್ಲ."

ಅವಳು ಹೋದ ಮೇಲೆ ಆ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಕೂತೆ. ಮೇಲೆ ಒಂದು ಎಳೆ ಜುಂಗು ಬಿದ್ದಿತ್ತು. ಈಗ ನನ್ನ ಹತ್ತಿರ ಕಟ್ಟಿಗೆಯ ಸ್ಕೇಲಿದೆ, ಅದು ಏನನ್ನೂ ಎತ್ತುವುದಿಲ್ಲ. ಮೋರಿಗೆ ಹೋಗಿ ನಳದ ಮೇಲೆ ಕೈಯಿಟ್ಟು ನಿಂತೆ. ಕಾಗದಕ್ಕೆ ಅದರ ಅಗತ್ಯವಿಲ್ಲ ಎಂದು ಈಗ ನನಗೆ ಗೊತ್ತು. ಆಮೇಲೆ ಬಂದು, ಆ ಎಳೆಯನ್ನು ಬೆರಳಿಂದ ತೆಗೆದೆ.